ಪಿಕಪ್ಪಿಗೆ ಪಲ್ಪರ್ ಎಂಜಿನ್ನು

ಬೆಲ್ಟು ತಿರುಚಿತ್ತು. ನಡೆದದ್ದು ಅಷ್ಟೇ. ಕೊಯ್ಲಿನ ಮೊದಲ ದಿನ ನಮ್ಮ ಪಿಕಪ್ಪು ಹೆಂಗಸರನ್ನು ತುಂಬಿಕೊಂಡು ಎಸ್ಟೇಟಿನವರೆಗೂ ಹಿಂದುಹಿಂದಕ್ಕೇ ಓಡಿದ್ದಕ್ಕೆ ಬೇರೆ ಯಾವ ಕಾರಣವೂ ಇಲ್ಲ. ಗೋಣಿಬೀಡಿನ ಅಂಗಡಿ ಜಗಲಿಗಳಲ್ಲಿ ಇದಕ್ಕೆ ಕೆರೆ ಏರಿಯ ಚೌಡಿಯನ್ನು ಎಳೆದು ತಂದರು. ಸತ್ತ ಡ್ರೈವರೊಬ್ಬನ ಪ್ರೇತ ಎಂದರು. ನಾನು ಪ್ರತಿ ವರ್ಷ ಚೌಡಿಗೆ ಕೋಳಿ ಕೊಡುವವಳು. ನಮ್ಮ ಗಾಡಿಯನ್ನು ಹಿಡಿದು ಜಗ್ಗುತ್ತ ಕೂರುವಷ್ಟು ಬಿಡುವು ಅವಳಿಗಿಲ್ಲ ಎನ್ನುವುದು ನನಗೆ ಗೊತ್ತು. ಜನಕ್ಕೆ ದೊಡ್ಡ ಫಜೀತಿಗೆ ಸಣ್ಣ ಕಾರಣ ಹೇಳಿದರೆ ಹೊಟ್ಟೆ ತುಂಬುವುದಿಲ್ಲ. ಹಾಲು ಒಡೆದರೆ ದೃಷ್ಟಿ ತಾಗಿತು ಎನ್ನುತ್ತಾರೆಯೇ ಹೊರತು ಪಾತ್ರೆ ತೊಳೆದಿರಲಿಲ್ಲ ಎಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ.

ನನ್ನ ಕೆಲಸ ಏನೆಂದರೆ ಹೆಂಗಸರನ್ನು ಕೂಡಿಸುವುದು. ಕಾಫಿ ಹಣ್ಣು ಕೆಂಪಾಗುತ್ತಿದ್ದ ಹಾಗೆ ನಮ್ಮ ಕೇರಿಯಿಂದಲೂ ಆಚೀಚೆ ಊರುಗಳಿಂದಲೂ ಕೊಯ್ಯುವವರನ್ನು ಒಟ್ಟು ಮಾಡಿ, ಬೆಳಿಗ್ಗೆ ಎಸ್ಟೇಟಿಗೆ ಮುಟ್ಟಿಸಿ, ಸಂಜೆ ಮನೆಗೆ ಮುಟ್ಟಿಸಬೇಕು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ರು ಇದನ್ನು ‘ಅಮ್ಮನ ಗ್ಯಾಂಗು’ ಎನ್ನುತ್ತಾರೆ. ಗ್ಯಾಂಗು ನಿಂತಿರುವುದು ನನ್ನ ಬಾಯಿಯ ಮೇಲೆ ಎಂದು ನಾನು ತಿಳಿದಿದ್ದೆ. ಅಲ್ಲ, ಅದು ನಿಂತಿದ್ದದ್ದು ಪಿಕಪ್ಪಿನ ನಾಲ್ಕು ಚಕ್ರದ ಮೇಲೆ. ಮಳೆಗಾಲದಲ್ಲಿ ಜಾವಳಿಯ ಏರಿನಲ್ಲಿ ಅದರ ಎಂಜಿನ್ನು ಬಿಸಿಯಾಗಿ, ಕುಕ್ಕರಿನ ಹಾಗೆ ಕೂಗಿ, ನಡುವಿಗೆ ಸೀಳಿಬಿಟ್ಟಿತು. ಸುದ್ದಿ ತಿಳಿದ ವಾರದೊಳಗೇ ಜೀಪಿನ ಶೇಖರ ನಮ್ಮ ಕೇರಿಯಲ್ಲಿ ಒಬ್ಬೊಬ್ಬರ ಮನೆಗೂ ಹೋಗಿ, ‘ಈ ಸಲ ನನ್ನ ಗಾಡಿಗೇ ಬನ್ನಿ’ ಎಂದು ನಯವಾಗಿ ಕರೆದು ಹೋಗಿದ್ದ. ಹೆಂಗಸರು ಅವನ ಜೀಪು ಹತ್ತಿದರೆ ಅವನು ತೋರಿಸಿದ ತೋಟಕ್ಕೆ ಹೋಗುತ್ತಾರೆ. ಆಮೇಲೆ ನಾನೂ ಅದೇ ಜೀಪಿನಲ್ಲಿ, ಅವನು ಹೇಳಿದ ಜಾಗದಲ್ಲಿ, ಬಾಯಿ ಮುಚ್ಚಿಕೊಂಡು ಕೂರಬೇಕು. ಬುಟ್ಟಿ ಹೊರುವುದು ನನಗೆ ಕಷ್ಟವಲ್ಲ. ಬಾಯಿ ಮುಚ್ಚುವುದು ಕಷ್ಟ.

ಕೊಯ್ಲಿಗೆ ಇನ್ನೂ ತಿಂಗಳುಗಳು ಇವೆ, ಹೆದರಬೇಡ ಎಂದರು ನಮ್ಮ ಮನೆಯವರು. ಹಾಗೆಂದವರು ಎಂಜಿನ್ನಿನ ಕೆಲಸಕ್ಕೆ ಕೈ ಹಾಕಿದರು ಎಂದುಕೊಂಡರೆ ನೀವು ಅವರನ್ನು ನೋಡಿಲ್ಲ. ಅವರು ಮೊದಲು ತುಕ್ಕು ಕೆರೆದರು. ಕೆರೆದಲ್ಲಿ ತೂತು ಬಿತ್ತು. ತೂತಿಗೆ ತಗಡು ಹಚ್ಚಿದರು. ತಗಡಿಗೆ ಪುಟ್ಟಿ ಮೆತ್ತಿದರು, ಅದು ಒಣಗಿದ ಮೇಲೆ ಉಜ್ಜಿದರು, ಉಜ್ಜಿದ ಮೇಲೆ ಬಣ್ಣ. ಬಣ್ಣ ಬೇರೆ ಎಂಥದು, ಮಾಗಿದ ಗಿಡ್ಡ ಬಾಳೆಹಣ್ಣಿನದು. ಸೀಟಿಗೆ ಹೊಸ ರೆಕ್ಸಿನ್ನು, ಬಾಗಿಲಿಗೆ ಹೊಸ ಹಿಡಿ, ಹೊಸ ಹಾರನ್ನು, ಕೆಸರು ಹಾರದಂತೆ ಚಕ್ರಗಳ ಹಿಂದೆ ಕಪ್ಪು ರಬ್ಬರು, ರಬ್ಬರಿನ ಮೇಲೆ ಒಂದೊಂದು ನಕ್ಷತ್ರ. ಎಂಜಿನ್ನು ಒಂದನ್ನು ಬಿಟ್ಟು ಒಂದು ಗಾಡಿಗೆ ಏನೇನು ಬೇಕೋ ಎಲ್ಲ ಆಯಿತು. ಸಂಜೆ ಹೊತ್ತು ಒಳಗೆ ಕೂತು ಸ್ಟೇರಿಂಗು ತಿರುವುತ್ತಿದ್ದರು. ನಾನು ಕಾಫಿ ಕೊಡಲು ಹೋದರೆ ಗಾಜು ಇಳಿಸಿ ಲೋಟ ತೆಗೆದುಕೊಂಡು ಮತ್ತೆ ಗಾಜು ಏರಿಸುತ್ತಿದ್ದರು, ಧೂಳು ಬರುತ್ತದಂತೆ. ನಿಂತ ಗಾಡಿಗೆ ಎಲ್ಲಿಂದ ಧೂಳು ಬರುತ್ತದೆ ಎಂದು ಕೇಳಿದ್ದಕ್ಕೆ, ನಿನಗೆ ಗಾಡಿಯ ವಿಷಯ ತಿಳಿಯುವುದಿಲ್ಲ ಎಂದರು.

ಆಮೇಲೆ ಶುರುವಾಯಿತು ಎಂಜಿನ್ನು ಹುಡುಕುವ ಕೆಲಸ. ಇದಕ್ಕೆ ಸಲಹೆಗಾರ ಗೋಣಿಬೀಡಿನ ರಸ್ತೆ ಪಕ್ಕದ ಗ್ಯಾರೇಜಿನ ಇಸ್ಮಾಯಿಲ್. ಒಳ್ಳೆಯ ಮನುಷ್ಯ, ಕೈಯೂ ಒಳ್ಳೆಯದು. ಆದರೆ ‘ಆಗುವುದಿಲ್ಲ’ ಎನ್ನುವ ಮಾತು ಅವನ ಬಾಯಲ್ಲಿ ಹುಟ್ಟುವುದಿಲ್ಲ. ಇಬ್ಬರೂ ಸೀಮೆಸುಣ್ಣ ಹಿಡಿದು ಹೊಸ ಬಣ್ಣದ ಬಾನೆಟ್ಟಿನ ಮೇಲೆ ಗೀಚುತ್ತ ದಿನಗಟ್ಟಲೆ ಕಳೆದರು. ನನಗೆ ನಮ್ಮ ಮೈದುನನಿಗೆ ಹೆಣ್ಣು ಹುಡುಕಿದ ಕಾಲ ನೆನಪಾಯಿತು. ಎತ್ತರ ಸರಿಯಾದರೆ ಗೋತ್ರ ಅಡ್ಡ, ಗೋತ್ರ ಸರಿಯಾದರೆ ಹುಡುಗಿಗೇ ಇವನು ಬೇಡ. ಹಾಗೆಯೇ ಇಲ್ಲಿ ಜೀಪಿನ ಎಂಜಿನ್ನು ಬಂದರೆ ಗೇರ್ ಬಾಕ್ಸು ಒಪ್ಪುವುದಿಲ್ಲ, ಟ್ಯಾಕ್ಸಿಯ ಎಂಜಿನ್ನು ಗೇರ್ ಬಾಕ್ಸಿಗೆ ಒಪ್ಪಿದರೆ ಕೂರಿಸುವ ಜಾಗ ಸಾಲುವುದಿಲ್ಲ. ಮೈದುನ ಕೊನೆಗೆ ಪಕ್ಕದ ಮನೆಯವಳನ್ನೇ ಮದುವೆಯಾದ. ನಮ್ಮ ಪಿಕಪ್ಪಿನ ಕಥೆಯೂ ಅಷ್ಟೇ ಆಯಿತು.

ಪಕ್ಕದ ಮನೆಯವಳು ಯಾರೆಂದರೆ ಎಸ್ಟೇಟಿನ ಹಳೆಯ ಪಲ್ಪರ್ ಎಂಜಿನ್ನು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವೇ ಪಲ್ಪರು. ಅದನ್ನು ತಿರುಗಿಸಲು ಮೊದಲು ಡೀಸೆಲಿನ ಒಂಟಿ ಎಂಜಿನ್ನು ಇರುತ್ತಿತ್ತು, ಈಗ ಎಲ್ಲ ಕಡೆ ಕರೆಂಟಿನ ಮೋಟಾರು. ನಮ್ಮ ಮನೆಯವರು ಪಿಕಪ್ಪು ಕೊಳ್ಳುವ ಮುಂಚೆ ಅರ್ಧ ಆಯುಸ್ಸು ಅದೇ ಎಂಜಿನ್ನಿಗೆ ಹ್ಯಾಂಡಲು ಹಾಕಿ ತಿರುವಿದವರು. ಅದು ಪಲ್ಪರ್ ಮನೆಯ ಮೂಲೆಯಲ್ಲಿ ಗೋಣಿ ಹೊದ್ದು ಬಿದ್ದಿತ್ತು. ತೆಗೆದುಕೊಂಡು ಹೋಗಿ, ಜಾಗ ಖಾಲಿಯಾಗಲಿ ಎಂದರಂತೆ ಧಣಿಗಳು. ಇವರು ಅದನ್ನು ಟ್ರ್ಯಾಕ್ಟರಿನಲ್ಲಿ ಹಾಕಿಸಿಕೊಂಡು ಬಂದ ದಿನ ಮದುವೆ ದಿಬ್ಬಣದ ಮುಖ ಹೊತ್ತುಕೊಂಡಿದ್ದರು. ಸಿಪ್ಪೆ ಬಿಡಿಸುವ ಎಂಜಿನ್ನು ಗಾಡಿ ಎಳೆಯುತ್ತದೆಯೇ ಎಂದು ಇಸ್ಮಾಯಿಲನನ್ನು ಕೇಳಿದೆ.

“ಎಂಜಿನ್ ಅಂದ್ರೆ ತಿರುಗೋದಮ್ಮ. ಅದಕ್ಕೇನು ಗೊತ್ತು, ತಾನು ಪಲ್ಪರ್ ತಿರುಗಿಸ್ತಿದೀನೋ ಚಕ್ರ ತಿರುಗಿಸ್ತಿದೀನೋ ಅಂತ,” ಎಂದ.

ಎಂಜಿನ್ನಿಗೆ ಗೊತ್ತಿಲ್ಲದಿರಬಹುದು, ನಿಮಗಾದರೂ ಗೊತ್ತಿರಲಿ ಎಂದು ಹೇಳಿ ನಾನು ಒಳಗೆ ಹೋದೆ.

ಕೂರಿಸಿದರು. ಅದು ಕೂತಿತು ಎನ್ನುವುದಕ್ಕಿಂತ ಎದ್ದು ನಿಂತಿತು ಎನ್ನಬೇಕು. ಬಾನೆಟ್ಟು ಮುಚ್ಚಲಿಲ್ಲ, ಆದ್ದರಿಂದ ಬಾನೆಟ್ಟನ್ನು ಕಳಚಿ ನನ್ನ ಕೋಳಿಗೂಡಿಗೆ ಮಾಡಾಗಿ ಹೊದಿಸಿದರು. ಡ್ರೈವರ್ ಸೀಟಿನಲ್ಲಿ ಕೂತರೆ ಮುಂದಿನ ಗಾಜಿನ ತುಂಬ ಹಸಿರು ಬಣ್ಣದ ಎಂಜಿನ್ನು, ಅದರ ಮೇಲೆ ಒಲೆಯ ಕೊಳವೆಯಂಥ ಹೊಗೆ ಕೊಳವೆ. ಎಂಜಿನ್ನು ತಣ್ಣಗಿರಲು ನೀರಿನ ಡ್ರಮ್ಮು ಬೇಕು. ಅದನ್ನು ಒಳಗೆ ಡ್ರೈವರಿನ ಪಕ್ಕದ ಹೊಸ ರೆಕ್ಸಿನ್ನಿನ ಮೇಲೆ ಕೂರಿಸಿ ಹಗ್ಗ ಕಟ್ಟಿದರು. ಕ್ಯಾಬಿನ್ನಿನ ಹಿಂದಿನ ಗಾಜನ್ನು ಮಂಗಗಳು ಒಡೆದು ಎಷ್ಟೋ ಕಾಲವಾಗಿತ್ತು, ಅಲ್ಲಿ ಪ್ಲೈವುಡ್ಡು ಹೊಡೆದಿದ್ದರು. ಎಂಜಿನ್ನಿನ ಗಾಲಿಗೂ ಗೇರ್ ಬಾಕ್ಸಿಗೆ ಸಿಕ್ಕಿಸಿದ ಗಾಲಿಗೂ ನಡುವೆ ಪಲ್ಪರಿನದೇ ಚಪ್ಪಟೆ ಬೆಲ್ಟು. ಡಾಂಬರು ರಸ್ತೆಗೆ ಇದರ ಚಕ್ರ ತಾಗಿಸಿದರೆ ನಾನು ಇಳಿದುಬಿಡುತ್ತೇನೆ, ಎಸ್ಟೇಟಿನ ಮಣ್ಣು ರಸ್ತೆಯಲ್ಲಿ ಮಾತ್ರ ಹೋಗಬೇಕು ಎಂದು ನಾನು ಕಟ್ಟುನಿಟ್ಟು ಮಾಡಿದೆ. ಒಪ್ಪಿದರು.

ಗಾಡಿಯನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿ ಪರೀಕ್ಷೆಯೂ ಆಯಿತು. ಇವರು ಹ್ಯಾಂಡಲು ತಿರುವಿದರು, ಎಂಜಿನ್ನು ಕೆಮ್ಮಿತು, ಸೀನಿತು, ಕೊನೆಗೆ ಡುಗ್ ಡುಗ್ ಎಂದು ಹಳೆಯ ಪದ ಹೇಳತೊಡಗಿತು. ಇಸ್ಮಾಯಿಲ್ ಗೇರು ಹಾಕಿದ. ಹಿಂದಿನ ಚಕ್ರಗಳು ತಿರುಗಿದವು. ಕೇರಿಯವರೆಲ್ಲ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಚಕ್ರ ತಿರುಗಿದ್ದನ್ನು ಎಲ್ಲರೂ ನೋಡಿದರು. ಯಾವ ಕಡೆಗೆ ತಿರುಗಿತು ಎಂದು ಒಬ್ಬರೂ ನೋಡಲಿಲ್ಲ.

ಕೊಯ್ಲಿನ ಮೊದಲ ದಿನ ಹೆಂಗಸರೆಲ್ಲ ತಲೆಗೆ ಟವೆಲು ಸುತ್ತಿ, ಬುತ್ತಿ ಹಿಡಿದು ನಮ್ಮ ಅಂಗಳದಲ್ಲಿ ಸೇರಿದರು. ಶೇಖರನ ಜೀಪು ಬೇಲಿಯಾಚೆ ಬಂದು ನಿಂತಿತ್ತು. ನಮ್ಮ ಗಾಡಿ ಹೊರಡದಿದ್ದರೆ ಹೆಂಗಸರನ್ನು ಅಲ್ಲಿಂದಲೇ ಎತ್ತಿಕೊಂಡು ಹೋಗುವುದು ಅವನ ಅಂದಾಜು. ನಾನು ಪಿಕಪ್ಪಿನ ಮುಂಭಾಗಕ್ಕೆ ಅರಿಶಿನ ಕುಂಕುಮ ಹಚ್ಚಿದೆ, ಹಚ್ಚಿದೆ ಎಂದರೆ ಎಂಜಿನ್ನಿನ ಎಣ್ಣೆಯ ಮೇಲೆ ಜಾರಿಸಿದೆ. ಮುಂದಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆ. ಇವರು ಒಂದನೇ ಗೇರು ಹಾಕಿದರು. ಗಾಡಿ ಸೊಗಸಾಗಿ, ಒಂದು ಚೂರೂ ಜಗ್ಗದೆ, ಹಿಂದಕ್ಕೆ ಹೋಯಿತು. ಎರಡನೇ ಗೇರಿಗೆ ಇನ್ನೂ ಜೋರಾಗಿ ಹಿಂದಕ್ಕೆ ಹೋಗಿ ಗೊಬ್ಬರದ ಗುಂಡಿಯ ಅಂಚಿನಲ್ಲಿ ನಿಂತಿತು. ರಿವರ್ಸು ಹಾಕಿದರೆ ಮಾತ್ರ ಮುಂದಕ್ಕೆ, ಅದೂ ಬಸುರಿ ಎಮ್ಮೆಯ ಹಾಗೆ. ಹಿಂದಕ್ಕೆ ಹೋಗಲು ನಾಲ್ಕು ಗೇರು, ಮುಂದಕ್ಕೆ ಒಂದೇ. ನಮ್ಮ ಕುಟುಂಬದ ಏಳಿಗೆಗೂ ಇದೇ ಲೆಕ್ಕ ಎಂದು ನನಗೆ ಆಗಲೇ ಅನಿಸಿತು.

ಅದಾದರೂ ಆಗಲಿ, ನಿಂಬೆಹಣ್ಣು ನೋಡಿದರೆ ದುಂಡಗೆ ಕೂತಿದೆ. ಹೆಂಗಸರೆಲ್ಲ ಅದನ್ನೇ ನೋಡುತ್ತಿದ್ದರು. ಗುಂಪಿನಲ್ಲಿ ನನ್ನ ನಂತರ ಬಾಯಿ ಇರುವವಳು ಗಿರಿಜೆ. ಅವಳು ಬುತ್ತಿ ಸೊಂಟಕ್ಕೆ ಏರಿಸಿಕೊಂಡು, “ಅಕ್ಕ, ನಿಂಬೆಹಣ್ಣು ಒಡೀಲಿಲ್ಲ. ಒಡೀದೆ ಇರೋ ಗಾಡಿಗೆ ನಾವು ಹತ್ತೋದಿಲ್ಲ,” ಎಂದಳು. ಉಳಿದವರು ಒಂದೊಂದು ಹೆಜ್ಜೆ ಬೇಲಿಯ ಕಡೆಗೆ ಸರಿದರು. ಗಾಡಿ ಹಿಂದಕ್ಕೆ ಹೋಗುವುದರ ಬಗ್ಗೆ ಯಾರಿಗೂ ತಕರಾರಿರಲಿಲ್ಲ, ಇದನ್ನು ಗಮನಿಸಿ. ನಿಂಬೆಹಣ್ಣು ಒಡೆಯಲಿಲ್ಲ ಎನ್ನುವುದೇ ತಕರಾರು.

ಶೇಖರ ಬೇಲಿಯಾಚೆಯಿಂದ ತಲೆ ಹಾಕಿ, “ಬನ್ನಿ ಅಕ್ಕಂದಿರೇ, ನನ್ನ ಜೀಪು ಮುಂದಕ್ಕೇ ಹೋಗುತ್ತೆ,” ಎಂದ.

“ಮುಂದಕ್ಕೆ ಹೋಗೋ ಗಾಡಿ ಇಟ್ಕೊಂಡು ಬೆಳಿಗ್ಗೆಯಿಂದ ಇಲ್ಲೇ ನಿಂತಿದೀಯಲ್ಲ ಮಾರಾಯ,” ಎಂದೆ ನಾನು.

ಹೆಂಗಸರು ನಕ್ಕರು, ಸರಿಯುವುದು ನಿಂತಿತು. ನಗು ಆರುವ ಮುಂಚೆ ಕೆಲಸ ಮುಗಿಸಬೇಕು. ನಾನು ಬಗ್ಗಿ ನಿಂಬೆಹಣ್ಣುಗಳನ್ನು ಎತ್ತಿಕೊಂಡು ಹೋಗಿ ಹಿಂದಿನ ಚಕ್ರಗಳ ಹಿಂದೆ ಇಟ್ಟೆ. ಕುಂಕುಮದ ಬಟ್ಟಲು ತಂದು ಹಿಂಬದಿಯ ತಗಡಿನ ಬಾಗಿಲಿಗೆ ದೊಡ್ಡದಾಗಿ ಹಚ್ಚಿದೆ. ಇವತ್ತಿಂದ ಇದೇ ಮುಂದೆ ಎಂದೆ. ನಮ್ಮ ಮನೆಯವರು ಡ್ರಮ್ಮಿನ ಪಕ್ಕದಿಂದ ತಲೆ ಹೊರಗೆ ಹಾಕಿ, ಗಾಡಿಗೆ ಮುಂದೆ ಹಿಂದೆ ಅಂತ ಒಂದು ಇರುತ್ತದೆ ಕಣೇ ಎಂದರು. ಅದು ಹೋಗುವ ಕಡೆಯೇ ಮುಂದೆ, ನೀವು ಗೇರು ಹಾಕಿ ಎಂದೆ. ಹಾಕಿದರು. ನಿಂಬೆಹಣ್ಣುಗಳು ಪಚಕ್ಕನೆ ಒಡೆದವು. ಗಿರಿಜೆ ಮೊದಲು ಹತ್ತಿದಳು.

ಆ ಸವಾರಿಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಪಿಕಪ್ಪಿನಲ್ಲಿ ಗಂಡಸರು ಮುಂದೆ, ಹೆಂಗಸರು ಹಿಂದೆ. ಅದು ಯಾರೂ ಬರೆದಿಡದ ಕಾನೂನು. ಹಿಂದೆ ಕೂತವರಿಗೆ ಕಾಣುವುದು ದಾಟಿ ಹೋದ ರಸ್ತೆ ಮಾತ್ರ. ಗುಂಡಿ ಬಂತೆಂದು ನಮಗೆ ತಿಳಿಯುವುದು ಸೊಂಟ ಮುರಿದ ಮೇಲೆ. ಈಗ ನೋಡಿದರೆ ರಸ್ತೆ ನಮ್ಮ ಎದುರಿನಿಂದ ಬರುತ್ತಿದೆ. ತಿರುವು ಬರುವ ಮುಂಚೆ ತಿರುವು ಕಾಣುತ್ತದೆ. ಸಿಲ್ವರ್ ಓಕಿನ ಸಾಲು ನಮ್ಮನ್ನು ಎದುರುಗೊಳ್ಳುತ್ತದೆ. ಕಣ್ಣಿಗೆ ಹೊಗೆಯೂ ಇಲ್ಲ, ಅದೆಲ್ಲ ಇವರ ಕಡೆಗೆ. ಇವರಿಗೆ ಮಾತ್ರ ಏನೂ ಕಾಣುವುದಿಲ್ಲ. ಎದುರಿಗೆ ಎಂಜಿನ್ನು, ಬೆನ್ನಿಗೆ ಪ್ಲೈವುಡ್ಡು, ಪಕ್ಕದಲ್ಲಿ ಡ್ರಮ್ಮು. ಹಾಗಾಗಿ ನಾನು ತಗಡು ಬಡಿದು ದಾರಿ ಹೇಳಬೇಕಾಯಿತು. ಮೊದಲು ಬಲಕ್ಕೆ ಎಂದೆ. ನನ್ನ ಮುಖ ಒಂದು ಕಡೆ, ಇವರ ಮುಖ ಇನ್ನೊಂದು ಕಡೆ, ನನ್ನ ಬಲ ಇವರಿಗೆ ಎಡ. ಗಾಡಿ ಚರಂಡಿಗೆ ಮೂಗು, ಅಲ್ಲ, ಬಾಲ ತಾಗಿಸಿತು. ಯಾರ ಬಲ ಎಂಬ ಜಗಳ ಅಲ್ಲೇ ಶುರುವಾಗುತ್ತಿತ್ತು. ಗಿರಿಜೆ ಬುದ್ಧಿವಂತೆ. ಎಡ ಬಲ ಬಿಡಿ, ಗುಡ್ಡದ ಕಡೆ, ಹಳ್ಳದ ಕಡೆ ಅನ್ನಿ ಎಂದಳು. ಮುಖ ಯಾವ ಕಡೆಗಿದ್ದರೂ ಗುಡ್ಡ ಗುಡ್ಡವೇ, ಹಳ್ಳ ಹಳ್ಳವೇ. ಅಲ್ಲಿಂದ ಎಸ್ಟೇಟಿನವರೆಗೆ ನಮ್ಮ ಮನೆಯವರು ಮದುವೆಯಾದ ಮೇಲೆ ಮೊದಲ ಬಾರಿಗೆ ನಾನು ಹೇಳಿದ ಕಡೆಗೆಲ್ಲ ತಿರುಗಿದರು.

ದಾರಿಯಲ್ಲಿ ಒಂದು ನಾಯಿ ಸಿಕ್ಕಿತು. ಗಾಡಿಯ ಹಿಂದೆ ಓಡಿ ಬೊಗಳುವುದು ಅದರ ನಿತ್ಯದ ಕೆಲಸ. ನಮ್ಮ ಹಿಂಭಾಗ ಎದುರಿಗೇ ಬಂದದ್ದನ್ನು ಕಂಡು ಅದು ಬೊಗಳಲು ಬಾಯಿ ತೆರೆದು, ಯೋಚನೆ ಮಾಡಿ, ಮುಂಭಾಗಕ್ಕೆ ಸುತ್ತು ಹಾಕಿ ಹೋಗಿ, ಅಲ್ಲಿ ಹೊಗೆ ಕುಡಿದು, ಪೊದೆಯೊಳಗೆ ಹೋಗಿ ಮಲಗಿತು. ಎಸ್ಟೇಟಿನ ಗೇಟಿನಲ್ಲಿ ರೈಟರ್ರು ನಿಂತಿದ್ದರು. ಬರುವ ಗಾಡಿ ಮುಖ ತೋರಿಸಬೇಕು, ಹೋಗುವ ಗಾಡಿ ಬಾಲ ತೋರಿಸಬೇಕು, ಇದು ಅವರಿಗೆ ತಿಳಿದದ್ದು. “ಎಂತ ಅಮ್ಮ, ಕೆಲಸಕ್ಕೆ ಬರೋ ಮುಂಚೆ ಹೊರಟ್ರಾ?” ಎಂದು ಕೇಳಿದರು. ಹೊರಗೆ ಹೋಗುವ ಗಾಡಿಯಲ್ಲಿ ಕಾಫಿ ಚೀಲ ಇದೆಯೇ ಎಂದು ನೋಡುವುದು ನಿಯಮ. ಆದ್ದರಿಂದ ಒಳಗೆ ಬರುತ್ತಿದ್ದ ನಮ್ಮನ್ನೆಲ್ಲ ಇಳಿಸಿ, ಗೋಣಿ ಕೊಡವಿ ನೋಡಿ, ಹೊರಗೆ ಹೋಗಲು ಅನುಮತಿ ಕೊಟ್ಟರು. ನಾವು ಒಳಗೆ ಹೋದೆವು. ಆಮೇಲೆ ಡ್ರಮ್ಮಿನ ಪಕ್ಕದಲ್ಲಿ ಇವರ ಮುಖ ಕಂಡ ಮೇಲೆ ರೈಟರ್ರಿಗೆ ವಿಷಯ ತಿಳಿದು, ನಗುತ್ತ ಕಟ್ಟೆಯ ಮೇಲೆ ಕೂತುಬಿಟ್ಟರು. ಆದರೂ ಹಾಜರಿ ಹಾಕಿದರು. ಗ್ಯಾಂಗು ಉಳಿಯಿತು.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ನಾನು ಪಿಕಪ್ಪಿನ ನೆರಳಿನಲ್ಲಿ ಕೂತೆ. ಎದುರಿಗೇ ಬೆಲ್ಟು. ಇಂಗ್ಲಿಷಿನ ಎಂಟನ್ನು ಅಡ್ಡ ಮಲಗಿಸಿದ ಹಾಗೆ ನಡುವೆ ತಿರುಚಿಕೊಂಡಿದೆ. ಎಂಜಿನ್ನಿನ ಗಾಲಿ ಒಂದು ಕಡೆ ತಿರುಗಿದರೆ ಪಲ್ಪರು ಅದರ ವಿರುದ್ಧ ತಿರುಗಬೇಕು. ಅದಕ್ಕೇ ಪಲ್ಪರಿಗೆ ಬೆಲ್ಟನ್ನು ತಿರುಚಿ ಹಾಕುತ್ತಾರೆ. ಅರ್ಧ ಆಯುಸ್ಸು ಪಲ್ಪರಿಗೆ ಹಾಕಿದ ಕೈ ಪಿಕಪ್ಪಿಗೂ ಹಾಗೇ ಹಾಕಿದೆ. ಸಂಜೆ ಮನೆಗೆ ಬಂದ ಮೇಲೆ ಇವರಿಗೆ ಹೇಳಿದೆ, ಬೆಲ್ಟು ತಿರುಚಿದೆ.

“ಬೆಲ್ಟು ತಿರುಚೇ ಹಾಕೋದು,” ಎಂದರು.

“ಪಲ್ಪರಿಗೆ,” ಎಂದೆ.

ಎದ್ದು ಹೋಗಿ ಟಾರ್ಚು ಬಿಟ್ಟು ಬೆಲ್ಟು ನೋಡಿ ಬಂದರು. ಆಮೇಲೆ ಇಸ್ಮಾಯಿಲನಿಗೆ ಫೋನು ಮಾಡಿದರು. ಅವನು ಬೈಕಿನಲ್ಲಿ ಬಂದು, ನೋಡಿ, ತಲೆಯ ಮೇಲಿನ ಟೋಪಿ ತೆಗೆದು ಮತ್ತೆ ಹಾಕಿಕೊಂಡು, “ಯಜಮಾನ್ರೆ, ನಾವಿಬ್ರೂ ಇದನ್ನ ಯಾರ ಹತ್ರಾನೂ ಹೇಳೋದು ಬೇಡ,” ಎಂದ. ಅಷ್ಟರಲ್ಲಿ ರಜೆಗೆ ಬಂದಿದ್ದ ನಮ್ಮ ಮೊಮ್ಮಗಳು ಬೆಳಗಿನ ಸವಾರಿಯನ್ನು ಫೋನಿನಲ್ಲಿ ಹಿಡಿದು ತನ್ನ ಪೇಟೆಯ ಗೆಳತಿಯರಿಗೆಲ್ಲ ಕಳಿಸಿಯಾಗಿತ್ತು. ಪುಣ್ಯಕ್ಕೆ ಅವರು ಯಾರೂ ನಂಬಲಿಲ್ಲ. ಸರಿಯಾಗಿ ಹೋಗುವ ಗಾಡಿಯ ವಿಡಿಯೊವನ್ನು ಹಿಂದಕ್ಕೆ ಓಡಿಸಿದ್ದಾಳೆ, ನಮಗೆ ಗೊತ್ತಾಗುವುದಿಲ್ಲವೇ ಎಂದು ಬೈದರಂತೆ.

ಬೆಲ್ಟನ್ನು ನೇರ ಮಾಡಿದರು. ಇವರು ಹುಮ್ಮಸ್ಸಿನಲ್ಲಿ ಹತ್ತಿ ಗೇರು ಹಾಕಿದರು. ಗಾಡಿ ಮುಂದಕ್ಕೆ ಹೋಯಿತು, ಮನುಷ್ಯರ ಗಾಡಿಯ ಹಾಗೆ. ಆದರೆ ಎದುರಿಗೆ ಎಂಜಿನ್ನು ನಿಂತಿದೆಯಲ್ಲ, ಇವರಿಗೆ ಏನೂ ಕಾಣದೆ ನನ್ನ ಸೌದೆಯ ಒಟ್ಟಿಲನ್ನು ಕೆಡವಿ, ಬಟ್ಟೆ ಒಣಹಾಕಿದ ತಂತಿಯನ್ನು ಹರಿದುಕೊಂಡು, ಹೊಗೆ ಕೊಳವೆಗೆ ನನ್ನ ಒಳ್ಳೆಯ ಸೀರೆ ಸುತ್ತಿಕೊಂಡು ಆ ಕಡೆ ಹೊರಬಂದರು. ಕೆಳಗಿಳಿದು, ಹೋಯಿತು ನೋಡು ಮುಂದಕ್ಕೆ ಎಂದರು. ಕ್ಯಾಬಿನ್ನಿನ ಮಾಡು ಕೊಯ್ದು ಇವರು ನಿಂತುಕೊಂಡು ಓಡಿಸುವುದೋ, ಇಲ್ಲವೇ ಬೇರೆ ಎಂಜಿನ್ನು ಹುಡುಕುವುದೋ ಎಂದು ಇಬ್ಬರೂ ಮತ್ತೆ ಸೀಮೆಸುಣ್ಣ ಹಿಡಿದರು. ಬಾನೆಟ್ಟು ಇರಲಿಲ್ಲವಾದ್ದರಿಂದ ನನ್ನ ಅಡಿಗೆ ಮನೆಯ ಗೋಡೆಯ ಮೇಲೆ ಗೀಚಿದರು.

ಆ ಹೊತ್ತಿಗೆ ಗಿರಿಜೆ ಬಂದಳು. ಸೌದೆಯನ್ನೂ ಸೀರೆಯನ್ನೂ ನೋಡಿದಳು. ನಾಳೆ ಗಾಡಿ ಯಾವ ಕಡೆಗೆ ಹೋಗುತ್ತದೆ, ಅದೊಂದು ಹೇಳಿ ಎಂದಳು. ಮುಂದಕ್ಕೆ ಎಂದರು ನಮ್ಮ ಮನೆಯವರು, ಎದೆ ಉಬ್ಬಿಸಿ.

“ಹಾಗಾದ್ರೆ ನಾವು ಬರೋದಿಲ್ಲ ಅಕ್ಕ,” ಎಂದಳು ಗಿರಿಜೆ ನನ್ನ ಕಡೆ ತಿರುಗಿ. “ಹಿಂದೆ ಕೂತು ಹೊಗೆ ಕುಡಿಯೋದಾದ್ರೆ ಶೇಖರನ ಜೀಪೇ ಆಗಬಹುದು. ಅದರಲ್ಲಿ ಕುಶನ್ ಆದ್ರೂ ಇದೆ.”

ಮಾರನೆಯ ಬೆಳಿಗ್ಗೆ ನಾನು ಒಲೆ ಹಚ್ಚುವ ಮುಂಚೆ ಪಿಕಪ್ಪಿನ ಹತ್ತಿರ ಹೋಗಿ, ಬೆಲ್ಟು ಕಳಚಿ, ನಡುವೆ ಒಂದು ತಿರುಚು ಕೊಟ್ಟು ಮತ್ತೆ ಹಾಕಿದೆ. ನಮ್ಮ ಮನೆಯವರು ಡ್ರಮ್ಮಿಗೆ ನೀರು ತುಂಬಲು ಕೊಡ ಹಿಡಿದು ಬಂದವರು ಅಲ್ಲೇ ನಿಂತು ನೋಡಿದರು. ಬೆಲ್ಟು ತಿರುಚುವುದನ್ನು ನಿನಗೆ ಯಾರು ಕಲಿಸಿದರು ಎಂದು ಕೇಳಿದರು. ಹೊದಿಕೆ ಹಿಂಡುವುದನ್ನು ಯಾರು ಕಲಿಸಿದರೋ ಅವರೇ ಎಂದೆ. ಅವರು ನೀರು ತುಂಬಿ, ಹ್ಯಾಂಡಲು ತಿರುವಿ, ಡ್ರಮ್ಮಿನ ಪಕ್ಕ ಕೂತರು. ಹೆಂಗಸರು ಒಬ್ಬರೂ ತಪ್ಪದೆ ಬಂದರು. ಎಲ್ಲರಿಗಿಂತ ಒಳ್ಳೆಯ ಜಾಗ, ತಗಡಿನ ಬಾಗಿಲಿಗೆ ಆತುಕೊಂಡು ರಸ್ತೆಯೆಲ್ಲ ಕಾಣುವ ಜಾಗ, ನನಗೇ ಬಿಟ್ಟಿದ್ದರು. ನಾನು ಗೋಣಿ ಹಾಸಿ ಕೂತು, ಎರಡು ಸಲ ತಗಡು ಬಡಿದು, ಹೊರಡಿ ಎಂದೆ. ಡುಗ್ ಡುಗ್ ಎಂದು ಗಾಡಿ ಹೊರಟಿತು. ಪಿಕಪ್ಪಿನ ಹಿಂದೆ ಗೋಣಿಯ ಮೇಲೆ ಕೂತ ಕೂಡಲೇ ನಿದ್ದೆ ಹೋಗುವುದು ನನ್ನ ಮೈಗೆ ಎಷ್ಟೋ ವರ್ಷದ ರೂಢಿ. ಅಂಗಳದ ಬೇಲಿ ದಾಟಿದ್ದು ನೆನಪಿದೆ. ಅಲ್ಲಿಂದಾಚೆ ಗುಡ್ಡದ ಕಡೆ, ಹಳ್ಳದ ಕಡೆ ಎಂದು ಎಸ್ಟೇಟಿನವರೆಗೂ ತಗಡು ಬಡಿದವಳು ಗಿರಿಜೆ.